ಹುಣಸೆ ಶೆಡ್ಡಿಗೆ ಬಂದ ಪತ್ತೇದಾರ

ನಾನು ಈಗ ಹೇಳಹೊರಟಿರುವುದು ನಡೆದದ್ದೇನೋ ನಿಜ. ಆದರೆ ಹೀಗೆಯೇ ನಡೆಯಿತೇ ಎಂದು ನೀವು ಕೇಳಿದರೆ ನನ್ನ ನಾಲಿಗೆ ತೊದಲುತ್ತದೆ. ಮೊದಲು ಯಾರು ಮಾತಾಡಿದರು, ಯಾರು ಯಾರ ಕೈ ಹಿಡಿದು ನೋಡಿದರು, ಆ ಗಳಿಗೆಯಲ್ಲಿ ನಾನು ಪುಸ್ತಕ ಹಿಡಿದು ಕೂತಿದ್ದೆನೋ ಇಲ್ಲಾ ಎದ್ದು ಮಡಕೆಯ ನೀರು ಕುಡಿಯಲು ಹೋಗಿದ್ದೆನೋ, ಇವು ಯಾವುವೂ ನನಗೆ ಖಚಿತವಿಲ್ಲ. ಖಚಿತವಿಲ್ಲವೆಂಬುದಾದರೂ ಖಚಿತವಾಗಿದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವ ವಿದ್ಯೆಯನ್ನು ವಿಶ್ವವಿದ್ಯಾಲಯ ನನಗೆ ಕಲಿಸಿದೆ. ಆ ಸಮಾಧಾನ ಮಧ್ಯಾಹ್ನದ ಊಟದವರೆಗೆ ಬರುತ್ತದೆ, ಸಂಜೆಯವರೆಗೆ ಬರುವುದಿಲ್ಲ.

ನನ್ನ ಮೇಜಿನ ಮೇಲೆ ಒಂದು ಪತ್ತೇದಾರಿ ಕಾದಂಬರಿಯಿದೆ. ಮುಖಪುಟ ಎಂದೋ ಹರಿದುಹೋಗಿದೆ. ಬೆನ್ನಿಗೆ ಯಾರೋ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಾರೆ. ಮೂಗಿನ ಹತ್ತಿರ ಹಿಡಿದರೆ ಹಳೆಯ ಕಾಗದದ ವಾಸನೆಯ ಕೆಳಗೆ ಇನ್ನೊಂದು, ತೆಳುವಾದ ಹುಳಿವಾಸನೆ ಬರುತ್ತದೆ. ಪುಸ್ತಕದ ನಡುವೆ ಒಂದು ಅಧ್ಯಾಯ ಮುಗಿದು ಅರ್ಧ ಪುಟ ಖಾಲಿ ಉಳಿದಿದೆ. ಆ ಖಾಲಿ ಜಾಗದಲ್ಲಿ ಒಂದಷ್ಟು ಕಂದು ಕಲೆಗಳಿವೆ. ಯಾರದೋ ಅಂಟುಗೈ ತಗುಲಿರಬೇಕೆಂದು ನಾನು ಐದಾರು ವರ್ಷ ಅದನ್ನು ನೋಡಿಯೂ ನೋಡದವನಂತೆ ಇದ್ದೆ.

ಈ ಪುಸ್ತಕ ನನ್ನ ದೊಡ್ಡಪ್ಪನದು. ದೊಡ್ಡಪ್ಪನದು ಎನ್ನುವುದೂ ಪೂರ್ತಿ ಸರಿಯಲ್ಲ. ಪಾವಗಡದಿಂದ ಹೊರಟು ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಅವರು ಬಹಳ ವರ್ಷ ಕಂಡಕ್ಟರಾಗಿದ್ದರು. ಪ್ರಯಾಣಿಕರು ಸೀಟಿನ ಮೇಲೆ ಮರೆತುಹೋದ ಪುಸ್ತಕಗಳನ್ನು ಮನೆಗೆ ತಂದು ಒಂದು ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದರು. ಕೇಳಿಕೊಂಡು ಬಂದರೆ ಕೊಡೋಣ ಎಂಬುದು ಅವರ ಲೆಕ್ಕಾಚಾರ. ಛತ್ರಿ ಮರೆತವರು ಬಂದರು, ಟಿಫಿನ್ ಕ್ಯಾರಿಯರ್ ಮರೆತವರು ಬಂದರು, ಒಮ್ಮೆ ಒಂದು ಜೊತೆ ಕೋಳಿ ಮರೆತವರೂ ಬಂದರಂತೆ. ಪುಸ್ತಕಕ್ಕಾಗಿ ಮಾತ್ರ ಯಾರೂ ಬರಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಟ್ರಂಕು ತೆರೆದು ನೋಡಿದರೆ ಮುಕ್ಕಾಲು ಪಾಲು ಪತ್ತೇದಾರಿ ಕಾದಂಬರಿಗಳೇ. ಒಂದೊಂದರಲ್ಲೂ ಎಲ್ಲೋ ಒಂದು ಪುಟದ ಮೂಲೆ ಮಡಿಚಿತ್ತು. ಕೊಲೆಗಾರ ಯಾರೆಂದು ತಿಳಿಯದೆಯೇ ಇಳಿದುಹೋದವರ ಗುರುತುಗಳು ಅವು. ದಂಡಿನದಿಬ್ಬದ ಹತ್ತಿರ ನಿದ್ದೆ ಬಂದು, ಕೊರಟಗೆರೆಯಲ್ಲಿ ದಡಬಡಿಸಿ ಎದ್ದು ಇಳಿದುಬಿಟ್ಟ ಆ ಮನುಷ್ಯ ಈಗಲೂ ಎಲ್ಲಾದರೂ ಒಂದು ಜಗಲಿಯ ಮೇಲೆ ಕೂತು, ತಾನು ಓದುತ್ತಿದ್ದ ಕಾದಂಬರಿಯ ಮುಂಬೈ ಸೇಠನನ್ನು ಕೊಂದದ್ದು ಯಾರಿರಬಹುದು ಎಂದು ಯೋಚಿಸುತ್ತಿರಬಹುದೇ? ನನಗೆ ಹಾಗೆ ಅಂದುಕೊಳ್ಳುವುದು ಇಷ್ಟ.

ಈ ಕಾದಂಬರಿಗಳೆಲ್ಲ ದೊಡ್ಡ ನಗರದ ಪೊಲೀಸರ ಕಥೆಗಳು. ಅಲ್ಲಿ ಕೊಲೆ ಯಾವಾಗಲೂ ಬಹುಮಹಡಿ ಕಟ್ಟಡದಲ್ಲಿ ಆಗುತ್ತದೆ. ಕೆಳಗೆ ಕಾರುಗಳ ಸಾಲು, ಆಚೆ ಕಡಲು, ಒಳಗಿನಿಂದ ಚಿಲಕ ಹಾಕಿದ ಬಾಗಿಲು. ಸರಿಯಾಗಿ ನಿದ್ದೆ ಮಾಡದ, ಸರಿಯಾಗಿ ಊಟ ಮಾಡದ ಒಬ್ಬ ಇನ್ಸ್‌ಪೆಕ್ಟರು ಬರುತ್ತಾನೆ. ಅವನು ಬೂದಿಯನ್ನು ನೋಡುತ್ತಾನೆ, ಪರದೆಯನ್ನು ನೋಡುತ್ತಾನೆ, ಲೋಟವನ್ನು ಬೆಳಕಿಗೆ ಹಿಡಿಯುತ್ತಾನೆ. ಅವನಿಗೆ ಇಷ್ಟೆಲ್ಲ ಯಾಕೆ ಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಲ್ಲಿ ಯಾರಿಗೂ ಯಾರ ಮುಖವೂ ಗೊತ್ತಿಲ್ಲ. ಮುಖ ಗೊತ್ತಿಲ್ಲದ ಕಡೆ ಬೆರಳನ್ನು ನಂಬಬೇಕಾಗುತ್ತದೆ. ನಮ್ಮ ಕಡೆ ಒಂದು ಕೊಲೆಯಾದರೆ ಇನ್ನೂರು ಪುಟ ಬೇಡ. ಮಾಡಿದವನು ಯಾರೆಂದು ಹಾಲು ಕರೆಯುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಗೊತ್ತಿಲ್ಲ ಎಂದು ಹೇಳುವುದು ಹೇಗೆ ಎಂಬುದಷ್ಟೇ ಉಳಿದ ದಿನದ ಪ್ರಶ್ನೆ. ಬಹುಶಃ ಅದಕ್ಕೇ ನಮ್ಮ ಬಸ್ಸುಗಳಲ್ಲಿ ಈ ಪುಸ್ತಕಗಳಿಗೆ ಅಷ್ಟು ಪ್ರೀತಿ. ಯಾರಿಗೂ ಯಾರೂ ಗೊತ್ತಿರದ ಊರೊಂದಿದೆ ಎಂಬುದೇ ನಮ್ಮವರಿಗೆ ಒಂದು ಸಿಹಿಗನಸು.

ಇರಲಿ. ಐದಾರು ವರ್ಷಗಳ ಹಿಂದೆ, ಬೇಸಿಗೆಯ ಮೊದಲಲ್ಲಿ, ನಾನು ಮೈಸೂರಿನಿಂದ ಬಡವನಹಳ್ಳಿಯ ದೊಡ್ಡಮ್ಮನ ಮನೆಗೆ ಬಂದೆ. ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಒಬ್ಬರ ಸಾಕ್ಷ್ಯವನ್ನು ಇನ್ನೊಬ್ಬರು ಎಷ್ಟರಮಟ್ಟಿಗೆ ನಂಬಬಹುದು ಎಂಬ ವಿಷಯದ ಮೇಲೆ ಸಂಶೋಧನಾ ಪ್ರಬಂಧ ಬರೆಯಲು ಕೂತಿದ್ದೆ. ಎರಡನೇ ಅಧ್ಯಾಯದ ಹೊತ್ತಿಗೆ ಯಾರನ್ನೂ ನಂಬಲಾಗದೆ ಕೈ ನಿಂತುಹೋಗಿತ್ತು. ಒಂದು ಕಡೆ ಕೂರಲಾಗದವನು ನಾನು. ಹಾಸ್ಟೆಲಿನ ಕೋಣೆಯಲ್ಲಿ ಹಿಂದೆ ಮುಂದೆ ಓಡಾಡಿ ನೆಲ ಸವೆಸುವುದಕ್ಕಿಂತ ಊರಿನಲ್ಲಿ ಓಡಾಡುವುದು ಮೇಲೆಂದು ಬಂದಿದ್ದೆ.

ದೊಡ್ಡಮ್ಮನಿಗೆ ಹುಣಸೆಹಣ್ಣಿನ ವ್ಯಾಪಾರ. ಮನೆಯ ಹಿಂದೆ ತಗಡಿನ ಶೀಟು ಹೊದಿಸಿದ ಒಂದು ಉದ್ದನೆಯ ಶೆಡ್ಡು. ಸುತ್ತಲ ಹಳ್ಳಿಗಳ ಮರಗಳಿಂದ ಬಂದ ಹಣ್ಣು ಅಲ್ಲಿ ರಾಶಿ ಬೀಳುತ್ತಿತ್ತು. ಹತ್ತು ಹನ್ನೆರಡು ಹೆಂಗಸರು ಕಾಲು ಚಾಚಿ ಕೂತು, ಸಿಪ್ಪೆ ಒಡೆದು, ನಾರು ಎಳೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು ಪುಟ್ಟ ಸುತ್ತಿಗೆಯಿಂದ ಕುಟ್ಟಿ ಬೀಜ ತೆಗೆಯುತ್ತಿದ್ದರು. ಟಕ್ ಟಕ್ ಎಂಬ ಆ ಸದ್ದು, ಶೀಟಿನ ತೂತುಗಳಿಂದ ನೆಲಕ್ಕೆ ಬೀಳುವ ಬಿಸಿಲಿನ ನಾಣ್ಯಗಳು, ಗಾಳಿಯಲ್ಲೇ ಬಾಯಿ ನೀರೂರಿಸುವ ಹುಳಿ. ಆ ಮಧ್ಯಾಹ್ನಗಳನ್ನು ನೆನೆದರೆ ಎಚ್ಚರವಿದ್ದೆನೋ ಅರೆನಿದ್ದೆಯಲ್ಲಿದ್ದೆನೋ ಎಂದು ಈಗಲೂ ಅನುಮಾನವಾಗುತ್ತದೆ.

ಶೆಡ್ಡಿನಲ್ಲಿ ಮೊಬೈಲು ನಿಷಿದ್ಧವಾಗಿತ್ತು. ಹಿಂದಿನ ವರ್ಷ ಒಬ್ಬಾಕೆ ಮೊಬೈಲಿನಲ್ಲಿ ಸೀರಿಯಲ್ ನೋಡುತ್ತ, ಸೊಸೆಗೆ ಅತ್ತೆ ಬಾರಿಸುವ ಹೊತ್ತಿಗೆ ತನ್ನ ಹೆಬ್ಬೆರಳಿಗೆ ತಾನೇ ಸುತ್ತಿಗೆ ಬಾರಿಸಿಕೊಂಡಿದ್ದಳಂತೆ. ಹಾಗಾಗಿ ಹೆಂಗಸರಿಗೆ ಬೇಸರ. ಸುಮ್ಮನೆ ಓಡಾಡುತ್ತಿದ್ದ ನನ್ನನ್ನು ಕಂಡು ದೊಡ್ಡಮ್ಮ ಒಂದು ದಿನ ಹೇಳಿದರು: "ಲೇ ಸೀನ, ಕೂತ್ಕೊಳ್ಳೋ ಒಂದ್ ಕಡೆ. ನೀನು ಹಂಗೆ ಸುತ್ತಿದ್ರೆ ನಂಗೆ ತಲೆ ತಿರುಗ್ತದೆ. ನಿಮ್ಮ ದೊಡ್ಡಪ್ಪನ ಟ್ರಂಕಿನಾಗೆ ಕತೆ ಪುಸ್ತಕ ಐತಲ್ಲ, ಅದ್ನಾದ್ರೂ ಓದಿ ಹೇಳು."

ಹೀಗೆ ಮುಂಬೈಯ ಇನ್ಸ್‌ಪೆಕ್ಟರು ಬಡವನಹಳ್ಳಿಯ ಹುಣಸೆ ಶೆಡ್ಡಿಗೆ ಬಂದ.

ಹನ್ನೊಂದನೇ ಮಹಡಿಯ ಫ್ಲಾಟಿನಲ್ಲಿ ಸೇಠನ ಹೆಣ ಮೂರು ದಿನ ಬಿದ್ದಿತ್ತು ಎಂದು ಓದುತ್ತಿದ್ದಂತೆ ರತ್ನಮ್ಮ ಸುತ್ತಿಗೆ ನಿಲ್ಲಿಸಿದಳು. ತೆಲುಗು ಬೆರೆತ ಪಾವಗಡದ ಕಡೆಯಿಂದ ಮದುವೆಯಾಗಿ ಬಂದ ಮೂವತ್ತರ ಹೆಂಗಸು. ಶೆಡ್ಡಿನ ನಗೆಯೆಲ್ಲ ಅವಳಿಂದಲೇ ಹುಟ್ಟುತ್ತಿತ್ತು. "ಅಯ್ಯೋ ದೇವುಡಾ, ಮೂರ್ ದಿನಾನಾ? ಪಕ್ಕದ ಮನೆಯೋರು ಏನ್ ಮಾಡ್ತಿದ್ರು? ಒಂದ್ ಕರಿಬೇವಿನ ಸೊಪ್ಪು ಕೇಳಾಕೂ ಬಾಗ್ಲು ತಟ್ಲಿಲ್ವಾ?"

"ಪಟ್ಟಣದಾಗೆ ಸೊಪ್ಪೂ ಅಂಗ್ಡಿಯಿಂದ್ಲೇ ತರೋದು ಕಣೇ," ಎಂದರು ದೊಡ್ಡಮ್ಮ.

"ಅದ್ಕೇ ಸತ್ತಿದ್ದು ಗೊತ್ತಾಗ್ಲಿಲ್ಲ."

ಇನ್ಸ್‌ಪೆಕ್ಟರು ಪುಟಕ್ಕೆರಡು ಸಲ ಟೀ ಕುಡಿಯುತ್ತಿದ್ದುದರಿಂದ ಅವನಿಗೆ ಟೀ ಸಾಹೇಬನೆಂದು ಹೆಸರಾಯಿತು. ಟೀ ಸಾಹೇಬನಿಗೆ ಮದುವೆ ಮಾಡಬೇಕೆಂದು ಒಂದು ಗುಂಪು, ಅಂಥವನಿಗೆ ಹೆಣ್ಣು ಕೊಟ್ಟವರು ಕೆಟ್ಟರು ಎಂದು ಇನ್ನೊಂದು ಗುಂಪು. ನಡುವೆ ಸೇಠನ ಕೊಲೆ ಹಿಂದೆ ಬಿದ್ದುಹೋಗುತ್ತಿತ್ತು.

ಈ ಯಾವ ಗದ್ದಲಕ್ಕೂ ಸೇರದೆ ಕಂಬಕ್ಕೊರಗಿ ಕೂರುತ್ತಿದ್ದವಳು ಹನುಮಕ್ಕ. ಅರವತ್ತು ದಾಟಿದವಳು, ಹುಡುಗಿಯಾಗಿದ್ದಾಗಿನಿಂದ ಪ್ರತಿ ಬೇಸಿಗೆಯೂ ಹುಣಸೆಹಣ್ಣು ಬಿಡಿಸಿದವಳು. ಅವಳ ಎಡಗೈಯ ಕಿರುಬೆರಳು ಮಡಿಚುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅದರ ಮೇಲೆ ಬೀಸುವ ಕಲ್ಲು ಬಿದ್ದು, ತುದಿಗೆ ಅಡ್ಡಗಾಯವಾಗಿ ಸೆಟೆದುಕೊಂಡದ್ದು ಹಾಗೆಯೇ ಉಳಿದಿತ್ತು. ಉಳಿದ ಬೆರಳುಗಳು ಹಣ್ಣನ್ನು ಹಿಡಿದು ಹಿಂಡುವಾಗ ಅದೊಂದು ಮಾತ್ರ ಆಕಾಶ ತೋರಿಸುತ್ತ ನಿಂತಿರುತ್ತಿತ್ತು. "ನೋಡ್ರಮ್ಮಾ, ನಮ್ಮತ್ತೆ ಹಣ್ಣು ಹಿಡ್ಕಂಡ್ರೆ ಸಿನಿಮಾದಾಗೆ ದೊರೆಸಾನಿ ಕಾಫಿ ಕಪ್ಪು ಹಿಡ್ಕಂಡಂಗೆ," ಎಂದು ರತ್ನಮ್ಮ ದಿನಕ್ಕೊಮ್ಮೆಯಾದರೂ ರೇಗಿಸುವಳು. ಹನುಮಕ್ಕ ಅವಳಿಗೆ ನಿಜವಾದ ಅತ್ತೆಯಲ್ಲ, ಊರಿನ ವಾವೆಯಲ್ಲಿ ಅತ್ತೆ.

ಒಂದು ದಿನ, ಸೇಠನ ಮನೆಯ ಗಾಜಿನ ಲೋಟದ ಮೇಲೆ ಬೆರಳಚ್ಚು ಸಿಕ್ಕ ಜಾಗಕ್ಕೆ ಬಂದೆವು. ಬೆರಳಚ್ಚೆಂದರೇನೆಂದು ಕೇಳಿದರು. ಮೇಷ್ಟರ ಠೀವಿಯಲ್ಲಿ ವಿವರಿಸಿದೆ. ಬೆರಳ ತುದಿಯ ಗೆರೆಗಳು ಒಬ್ಬರಿದ್ದಂತೆ ಇನ್ನೊಬ್ಬರಿಗೆ ಇರುವುದಿಲ್ಲ, ಮನುಷ್ಯ ಸುಳ್ಳು ಹೇಳಬಹುದು, ಗೆರೆ ಹೇಳುವುದಿಲ್ಲ, ಇತ್ಯಾದಿ. ಕಂಬದ ಕಡೆಯ ಸುತ್ತಿಗೆ ನಿಂತಿತು.

"ಗೆರೇನೇ ಇಲ್ದೋರು?" ಎಂದಳು ಹನುಮಕ್ಕ.

"ಎಲ್ಲರಿಗೂ ಇರ್ತದೆ ಹನುಮಕ್ಕ."

"ಇದ್ರಾಗೆ ತೋರ್ಸಪ್ಪ ನೋಡಾನ," ಎಂದು ಎರಡು ಹೆಬ್ಬೆರಳನ್ನೂ ನನ್ನ ಮುಂದೆ ಹಿಡಿದಳು. ನೋಡಿದೆ. ಅವು ಹೊಳೆಯಲ್ಲಿ ಉರುಳಿದ ಕಲ್ಲಿನಂತೆ ನುಣುಪಾಗಿದ್ದವು. ಅಲ್ಲಲ್ಲಿ ಸೀಳು, ಸೀಳಿನಲ್ಲಿ ಕಪ್ಪು. ಗೆರೆ ಮಾತ್ರ ಇರಲಿಲ್ಲ. ಹುಳಿ ಅವನ್ನು ವರ್ಷ ವರ್ಷವೂ ಇಷ್ಟಿಷ್ಟೇ ತಿಂದು ಮುಗಿಸಿತ್ತು.

"ಬುಡತ್ತೆ, ನೀನು ಹತ್ತು ಜನನ್ನ ಕೊಂದ್ರೂ ಟೀ ಸಾಹೇಬನ ಕೈಗೆ ಸಿಗಾಕಿಲ್ಲ," ಎಂದಳು ರತ್ನಮ್ಮ. ಶೆಡ್ಡೆಲ್ಲ ನಕ್ಕಿತು. ಹನುಮಕ್ಕನೂ ನಕ್ಕಳು. ನಗು ಇಳಿದ ಮೇಲೆ, ಯಾರಿಗೂ ಹೇಳುತ್ತಿಲ್ಲವೆಂಬಂತೆ ಅಂದಳು: "ಕೊಲೆ ಮಾಡ್ದೋಳು ತಪ್ಪಿಸ್ಕಂಡ್ಲು ಅನ್ನಿ. ಅಕ್ಕಿ ತರಾಕೋದೋಳು ಏನ್ ಮಾಡ್ಬೇಕು?"

ವಿಷಯ ಹೊರಗೆ ಬಂದದ್ದು ಆಗಲೇ. ಹನುಮಕ್ಕನ ರೇಷನ್ ಕಾರ್ಡಿನಲ್ಲಿ ಎರಡು ಹೆಸರು: ಅವಳದು, ಅವಳ ನಾದಿನಿಯದು. ನಾದಿನಿಗೆ ಚಿಕ್ಕಂದಿನಲ್ಲೇ ಕಣ್ಣು ಹೋಗಿತ್ತು; ಮನೆಯಲ್ಲೇ ಇರುವವಳು. ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ಸೊಸೈಟಿ ಅಂಗಡಿಯ ಯಂತ್ರಕ್ಕೆ ಬೆರಳು ಕೊಟ್ಟು ತಾವು ತಾವೇ ಎಂದು ಸಾಬೀತು ಮಾಡಬೇಕು, ಯುಗಾದಿಯೊಳಗೆ ಆಗದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ನಾದಿನಿಯ ಕೈ ಹಿಡಿದು ಕರೆದುಕೊಂಡು ಹೋದಳು. ಅವಳ ಬೆರಳಿಗೆ ಯಂತ್ರ ಒಂದೇ ಏಟಿಗೆ ಹಸಿರು ದೀಪ ತೋರಿಸಿತು. ಹನುಮಕ್ಕನ ಹೆಬ್ಬೆರಳಿಗೆ ಕೆಂಪು. ಮೂರು ಸಲ ಹೋಗಿ ಮೂರು ಸಲವೂ ಕೆಂಪು. ಮೊಬೈಲಿಗೆ ಬರುವ ನಂಬರು ಹೇಳಿದರೂ ಆಗುತ್ತದೆಂದರು, ಅವಳಿಗೆ ಮೊಬೈಲಿಲ್ಲ. ಅಂಗಡಿಯವನು ತಾನು ಹುಟ್ಟಿದಾಗಿನಿಂದ ಅವಳನ್ನು ಬಲ್ಲ, ಅವಳು ಕೊಟ್ಟ ಹುಣಸೆ ತೊಕ್ಕು ತಿಂದು ಬೆಳೆದವನು. ಆದರೆ ಅವನು ಬಲ್ಲದ್ದನ್ನು ಯಂತ್ರ ಕೇಳುವುದಿಲ್ಲ. ಯುಗಾದಿಗೆ ಎರಡು ವಾರವೂ ಉಳಿದಿರಲಿಲ್ಲ.

ಹೆಬ್ಬೆಟ್ಟು ಎಂಬ ಮಾತನ್ನು ಒಮ್ಮೆ ನೆನೆಯಿರಿ. ಹಿಂದೆ ಓದು ಬಾರದವರಿಗೆ ಅದು ಬೈಗುಳವಾಗಿತ್ತು. ಈಗ ಪ್ರೊಫೆಸರರೂ ಹೆಬ್ಬೆಟ್ಟು ಒತ್ತಿಯೇ ಸಂಬಳದ ಹಾಜರಿ ಹಾಕುತ್ತಾರೆ. ಹೆಬ್ಬೆಟ್ಟಿಗೆ ಇಷ್ಟು ಮರ್ಯಾದೆ ಬಂದ ಕಾಲಕ್ಕೆ ಸರಿಯಾಗಿ ಹನುಮಕ್ಕನ ಹೆಬ್ಬೆಟ್ಟು ಅಳಿಸಿಹೋಗಿತ್ತು. ದುಡಿಯದ ಕೈಗೆ ಗುರುತು ಉಳಿದಿತ್ತು, ದುಡಿದು ಆ ಕೈಯನ್ನು ಸಾಕಿದ ಕೈಗೆ ಗುರುತಿರಲಿಲ್ಲ. ಹನ್ನೊಂದನೇ ಮಹಡಿಯ ಕಡಲ ಗಾಳಿ ಇದ್ದಕ್ಕಿದ್ದಂತೆ ನಿಂತುಹೋದ ಹಾಗಾಯಿತು ನನಗೆ. ಕೈಯಲ್ಲಿದ್ದ ಪುಸ್ತಕ ಒಂದು ದೊಡ್ಡ ಪೆದ್ದುತನದಂತೆ ಕಂಡಿತು.

ಮಾರನೆಯ ದಿನ ಓದಲು ಮನಸ್ಸಿರಲಿಲ್ಲ. ಓದು ಎಂದು ಹಟ ಹಿಡಿದವಳು ಹನುಮಕ್ಕನೇ ಎಂದು ನೆನಪು. ಟೀ ಸಾಹೇಬ ಸೇಠನ ಮನೆಯ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಗಾಜಿನ ಮೇಲೆ ಮಸಿ ಸವರಿ, ಒಬ್ಬೊಬ್ಬರ ಒಂದೊಂದು ಬೆರಳನ್ನೂ ಅದರಲ್ಲಿ ಹೊರಳಿಸಿ ಬಿಳಿ ಹಾಳೆಯ ಮೇಲೆ ಒತ್ತಿಸುತ್ತಾನೆ. ಅಷ್ಟು ಓದುವ ಹೊತ್ತಿಗೆ ಅಧ್ಯಾಯ ಮುಗಿಯಿತು. ಪುಟದ ಮೂಲೆ ಮಡಿಚಿ, ಪುಸ್ತಕವನ್ನು ಚೀಲದ ಮೇಲಿಟ್ಟು, ನಾನು ಊಟಕ್ಕೆ ಮನೆಯೊಳಗೆ ಹೋದೆ. ಉಳಿದವರೂ ಕೈ ತೊಳೆಯಲು ಬಾವಿಕಟ್ಟೆಯ ಕಡೆ ಹೋದರು.

ಊಟದ ನಂತರದ್ದೇ ನನಗೆ ಮಸುಕು. ದೊಡ್ಡಮ್ಮ ಕೇಳಿದ್ದು ನೆನಪಿದೆ: "ಅಲ್ಲಾ ಹನುಮಿ, ಸೊಸೈಟಿಗೆ ಹೋಗೋವಾಗ ಕೈಯಾದ್ರೂ ತೊಳ್ಕಂಡು ಹೋಗಿದ್ದೇನೆ?"

"ತೊಳೀದೇ ಹೋಗ್ತೀನಾ ಅಕ್ಕಾ? ಸರ್ಕಾರದ ಮಿಷನ್ನು! ಹುಣಸೆಹಣ್ಣು, ಬೂದಿ ಹಾಕಿ, ಹಬ್ಬಕ್ಕೆ ಹಿತ್ತಾಳೆ ದೀಪ ಬೆಳಗ್ದಂಗೆ ಬೆಳಗ್ಕಂಡು ಹೋಗಿದ್ದೆ. ಮೊದಲ್ನೇ ಸಲ ಆಗ್ಲಿಲ್ಲ ಅಂತ ಎರಡ್ನೇ ಸಲ ಇನ್ನೂ ಚೆನ್ನಾಗಿ ಬೆಳಗ್ಕಂಡು ಹೋದೆ."

ರತ್ನಮ್ಮನ ಸುತ್ತಿಗೆ ನಿಂತಿತು. ಅವಳು ಮೆಲ್ಲಗೆ, "ಸಿಕ್ದ ಕಳ್ಳ," ಎಂದಳು. ಮರ್ಯಾದೆಗೆಂದು ಮಾಡಿದ ಕೆಲಸವೇ ಉಳಿದಿದ್ದ ಅಷ್ಟಿಷ್ಟು ಗೆರೆಯನ್ನೂ ತಿಂದಿತ್ತು. ದೀಪವನ್ನು ಬೆಳಗಿದರೆ ದೀಪ ಹೊಳೆಯುತ್ತದೆ. ಬೆರಳನ್ನು ಬೆಳಗಿದರೆ ಬೆರಳೂ ಹೊಳೆಯುತ್ತದೆ, ಅದರ ಒಡತಿ ಮಾತ್ರ ಕಾಣೆಯಾಗುತ್ತಾಳೆ.

ಇದಾದ ಮೇಲೆ ಯಾರೋ "ಕಿರುಬೆರಳು" ಎಂದರು. ಸೆಟೆದ ಬೆರಳು, ಯಾವತ್ತೂ ಹಣ್ಣು ಮುಟ್ಟದ ಬೆರಳು, ಕೈ ಬೆಳಗುವಾಗಲೂ ಮಡಿಚದೆ ಹೊರಗೇ ನಿಂತ ಬೆರಳು. ಯಾರು ಅಂದರು? ನಾನೇ ಅಂದೆ ಎಂದು ನನಗೆ ಎಷ್ಟೋ ವರ್ಷ ಚೆನ್ನಾಗಿ ನೆನಪಿತ್ತು. ಪುಸ್ತಕ ಮುಚ್ಚಿ, ಟೀ ಸಾಹೇಬನಂತೆ ಎದ್ದು ನಿಂತು, ಹನುಮಕ್ಕನ ಎಡಗೈಯನ್ನು ಬಿಸಿಲಿಗೆ ಹಿಡಿದು, ಆ ಬೆರಳ ತುದಿಯಲ್ಲಿ ಸುಳಿಸುಳಿಯಾದ ಗೆರೆಗಳನ್ನು ಎಲ್ಲರಿಗೂ ತೋರಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು.

ನಾಲ್ಕು ದಿನ ಹಣ್ಣು ಮುಟ್ಟಬೇಡವೆಂದು ದೊಡ್ಡಮ್ಮ ಅವಳಿಗೆ ಚೀಲ ಹೊಲಿಯುವ ಕೆಲಸ ಕೊಟ್ಟರು. ಹನುಮಕ್ಕ ಎರಡು ಹೊತ್ತೂ ಕೈಗೆ ಹರಳೆಣ್ಣೆ ಹಚ್ಚಿಕೊಂಡಳು. ಐದನೇ ದಿನ ನಾನು ಜೊತೆಗೆ ಹೋದೆ. ಅಂಗಡಿಯ ಮುಂದೆ ಉದ್ದದ ಸಾಲು. ನಮ್ಮ ಸರದಿ ಬಂದಾಗ ಅಂಗಡಿಯವನು ನಿಟ್ಟುಸಿರಿಟ್ಟ. "ಮತ್ತೆ ಬಂದ್ಯಾ ಅತ್ತೆ? ನಿನ್ನ ಹೆಬ್ಬೆಟ್ಟಿಗೆ ಮಿಷನ್ನೇ ಹೆದರ್ಕತದೆ."

ಹೆಬ್ಬೆರಳು ಇಟ್ಟಳು, ಕೆಂಪು. ತೋರುಬೆರಳು, ಕೆಂಪು. ಸಾಲಿನಲ್ಲಿ ಗೊಣಗಾಟ ಎದ್ದಿತು. ಹನುಮಕ್ಕ ಎಡಗೈ ಚಾಚಿ ಕಿರುಬೆರಳು ಮುಂದೆ ಮಾಡಿದಳು.

"ಕಿರುಬೆರಳು ಯಾರ್ ಕೊಡ್ತಾರತ್ತೆ? ಮೂತ್ರಕ್ಕೆ ಕೇಳ್ತೀಯೇನು, ಇಸ್ಕೂಲಾ ಇದು?"

ಸಾಲೆಲ್ಲ ನಕ್ಕಿತು. ಹನುಮಕ್ಕ ನಗಲಿಲ್ಲ. "ನೀನು ಮಿಷನ್ನು ಇಕ್ಕು," ಎಂದಳು. ಸೆಟೆದ ಬೆರಳು ಗಾಜಿಗೆ ಸರಿಯಾಗಿ ಕೂರದೆ, ಮೊಣಕೈ ಎತ್ತಿ, ಇಡೀ ದೇಹವನ್ನು ಓರೆ ಮಾಡಿ ಒತ್ತಬೇಕಾಯಿತು. ಯಂತ್ರ ಯೋಚಿಸಿತು. ಅಷ್ಟು ಹೊತ್ತು ಯಾವ ತತ್ವಜ್ಞಾನಿಯೂ ಯೋಚಿಸಿರಲಾರ. ಆಮೇಲೆ ಹಸಿರಾಯಿತು.

ಅಂಗಡಿಯವನು ನಗುವುದನ್ನು ಬಿಟ್ಟು ಯಂತ್ರವನ್ನೂ ಅವಳನ್ನೂ ನೋಡಿದ. ಹನುಮಕ್ಕ ಅಕ್ಕಿ ಚೀಲ ಎತ್ತಿಕೊಳ್ಳುವ ಮುಂಚೆ ಆ ಬೆರಳನ್ನು ಮುಖದ ಹತ್ತಿರ ತಂದು ಗದರಿಸಿದಳು: "ಐವತ್ತು ವರ್ಸ ಸುಮ್ಕೆ ಕುಂತು ಉಂಡೆ. ಇವತ್ತು ದುಡ್ದೆ ನೋಡು."

ಇಷ್ಟು ಕಥೆ. ಇದನ್ನು ನಾನು ಮೈಸೂರಿನಲ್ಲಿ ಗೆಳೆಯರಿಗೆ ಹೇಳಿದೆ. ಪಾಠ ಹೇಳುವ ಕೆಲಸ ಸಿಕ್ಕಿದ ಮೇಲೆ ತರಗತಿಯಲ್ಲಿ ಹೇಳಿದೆ. ಪ್ರತಿ ಸಲವೂ ಕಥೆ ಒಂದಿಷ್ಟು ಹೊಳಪೇರುತ್ತ ಹೋಯಿತು. ಪ್ರತಿ ಸಲವೂ ಅದರಲ್ಲಿ ನಾನು ಒಂದಿಷ್ಟು ಎತ್ತರವಾಗುತ್ತ ಹೋದೆ. ಈ ವರ್ಷ ಒಂದು ದಿನ ಪಾಠದ ನಡುವೆ, "ಆಗ ನಾನು ಅವಳ ಕೈ ಹಿಡಿದು ಬಿಸಿಲಿಗೆ ತಂದೆ" ಎನ್ನುತ್ತಿದ್ದಂತೆ ಏನೋ ತಡೆಯಿತು. ಬಿಸಿಲು ಯಾವ ದಿಕ್ಕಿನಿಂದ ಬರುತ್ತಿತ್ತು? ಹನುಮಕ್ಕ ಒರಗುತ್ತಿದ್ದ ಕಂಬದ ಮೇಲಿನ ಶೀಟಿಗೆ ತೂತಿರಲಿಲ್ಲ. ತೂತಿಲ್ಲವೆಂದೇ ಅವಳು ಅಲ್ಲಿ ಕೂರುತ್ತಿದ್ದುದು. ಹಾಗಾದರೆ ನಾನು ಬೆರಳನ್ನು ಹಿಡಿದ ಆ ಬಿಸಿಲು ಎಲ್ಲಿಂದ ಬಂತು? ಕಾದಂಬರಿಯಿಂದಲೇ ಇರಬೇಕು. ಅಲ್ಲಿ ಟೀ ಸಾಹೇಬ ಎಲ್ಲವನ್ನೂ ಬೆಳಕಿಗೆ ಹಿಡಿಯುತ್ತಾನೆ. ನಾನು ಕೂಡ ನನ್ನ ನೆನಪನ್ನು ದೀಪದ ಹಾಗೆ ಹಬ್ಬ ಹಬ್ಬಕ್ಕೂ ಬೆಳಗಿದ್ದೆ. ಅದರ ಗೆರೆಗಳೂ ಹೋಗಿದ್ದವು.

ಪತ್ತೇದಾರಿ ಕಾದಂಬರಿಗಳ ಕೊನೆಯಲ್ಲಿ ಇನ್ಸ್‌ಪೆಕ್ಟರು ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ ವಿಚಾರಿಸುತ್ತಾನಲ್ಲ, ಹಾಗೆ ನಾನೂ ಯುಗಾದಿ ಕಳೆದ ಮೇಲೆ ಊರಿಗೆ ಹೋದೆ. ಕಿರುಬೆರಳಿನ ಮಾತನ್ನು ಮೊದಲು ಆಡಿದ್ದು ಯಾರು ಎಂದು ಕೇಳಿದೆ.

"ನಾನೇ ಕಣೋ ಹೇಳಿದ್ದು," ಎಂದರು ದೊಡ್ಡಮ್ಮ, ಒಂದು ಚೂರೂ ಅನುಮಾನವಿಲ್ಲದೆ.

"ಯಾರೂ ಅಲ್ಲ, ಪುಸ್ತಕದಾಗೇ ಇತ್ತು ಕದಾ! ಟೀ ಸಾಹೇಬ ಒಬ್ಬ ಅಡುಗೆಯೋನ ಕಿರುಬೆರಳು ಒತ್ತಿಸ್ತಾನೆ. ನೀನೇ ಓದಿದ್ದು," ಎಂದಳು ರತ್ನಮ್ಮ.

ಹನುಮಕ್ಕ ಬೀಜ ತೆಗೆಯುತ್ತಲೇ ಇದ್ದಳು. "ನೀನೇ ಹೇಳ್ದೆ ಅಂತ ಇಟ್ಕಳಪ್ಪ. ಅಕ್ಕಿ ಬತ್ತಾ ಐತಲ್ಲ, ಸಾಲ್ದಾ?"

ಮೂರು ಸಾಕ್ಷ್ಯ, ಮೂರು ದಾರಿ. ನನ್ನ ಅರ್ಧಕ್ಕೆ ನಿಂತ ಪ್ರಬಂಧ ಎಲ್ಲಿಂದಲೋ ನೋಡಿ ನಗುತ್ತಿರಬೇಕು. ತಿರುಗಿ ಬರುವಾಗ ಬಸ್ಸಿನ ಕಿಟಕಿಯಲ್ಲಿ ಮಧುಗಿರಿಯ ಬೆಟ್ಟ ನಿಧಾನವಾಗಿ ತಿರುಗುತ್ತ ನಿಂತಿತ್ತು. ಒಂದೇ ಕಲ್ಲಿನ ಆ ಬೆಟ್ಟ, ಮಳೆನೀರು ಇಳಿದಿಳಿದು ಮೈಮೇಲೆ ಬಿದ್ದ ಕರಿಗೆರೆಗಳು. ಯಾರೋ ದೊಡ್ಡವರು ನೆಲದೊಳಗಿನಿಂದ ಹೆಬ್ಬೆರಳೆತ್ತಿ ಆಕಾಶಕ್ಕೆ ಒತ್ತಿ, ಹಸಿರು ದೀಪಕ್ಕಾಗಿ ಕಾಯುತ್ತಿರುವಂತೆ ಕಂಡಿತು. ಒತ್ತಿದವರು ಯಾರೆಂದು ಆಕಾಶಕ್ಕೂ ನೆನಪಿಲ್ಲವೇನೋ.

ಮನೆಗೆ ಬಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಚ್ಚರಿಯೆಂದರೆ ಸೇಠನ ಕೊಲೆಗಾರ ಯಾರೆಂಬುದೇ ನನಗೆ ಮರೆತಿತ್ತು. ಹನ್ನೆರಡು ಜನಕ್ಕೆ ಗಟ್ಟಿಯಾಗಿ ಓದಿ ಹೇಳಿದವನು ನಾನೇ. ಅಡುಗೆಯವನು ಇದ್ದ, ಅವನ ಕಿರುಬೆರಳಿನ ಮಾತು ಎಲ್ಲೂ ಇರಲಿಲ್ಲ. ರತ್ನಮ್ಮನ ಸಾಕ್ಷ್ಯ ಬಿದ್ದಿತು. ನಾನು ಮೂಲೆ ಮಡಿಚಿದ್ದ ಪುಟಕ್ಕೆ ಬಂದಾಗ ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಈ ಸಲದ ಬಿಸಿಲು ನಿಜವಾದದ್ದು. ಖಾಲಿ ಅರ್ಧ ಪುಟದ ಕಂದು ಕಲೆಗಳು ಅಂಟುಗೈ ತಗುಲಿದ ಹಾಗೆ ಚೆಲ್ಲಾಪಿಲ್ಲಿಯಾಗಿರಲಿಲ್ಲ. ಐದಿದ್ದವು. ಸಾಲಾಗಿದ್ದವು. ಒಂದೊಂದನ್ನೂ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಹೊರಳಿಸಿ ಒತ್ತಿದ್ದರು. ಟೀ ಸಾಹೇಬ ಮಸಿ ಸವರಿ ಆಳುಗಳ ಕೈಯಲ್ಲಿ ಒತ್ತಿಸಿದನಲ್ಲ, ಥೇಟ್ ಹಾಗೆ. ಮಸಿಯ ಬದಲು ಹುಣಸೆಯ ರಸ.

ಎಲ್ಲರೂ ಬಾವಿಕಟ್ಟೆಗೆ ಹೋಗಿದ್ದ ಆ ಮಧ್ಯಾಹ್ನವನ್ನು ನೆನಪಿಸಿಕೊಳ್ಳಲು ಹೋಗಲಿಲ್ಲ. ನೆನಪನ್ನು ಕೇಳಿದರೆ ಅದು ಏನು ಬೇಕಾದರೂ ಬರೆದುಕೊಡುತ್ತದೆ. ಮುಂದಿನ ಭಾನುವಾರ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು, ಪಕ್ಕದ ಮನೆಯ ಮಕ್ಕಳ ಆಟಿಕೆ ಪೆಟ್ಟಿಗೆಯಿಂದ ಒಂದು ಭೂತಗನ್ನಡಿ ಎರವಲು ಪಡೆದು ಮತ್ತೆ ಹೋದೆ. ಹನುಮಕ್ಕ ಮನೆಯ ಮುಂದೆ ಕೂತು ನಾದಿನಿಯ ತಲೆ ಬಾಚುತ್ತಿದ್ದಳು. ಪುಟ ತೆಗೆದು ಮುಂದೆ ಹಿಡಿದೆ.

ಅವಳು ಬಹಳ ಹೊತ್ತು ನೋಡಿದಳು. "ಅಯ್ಯಯ್ಯೋ, ಯಾರೋ ಪುಸ್ತಕಾನೇ ಕೊಳೆ ಮಾಡ್ಬುಟ್ಟವ್ರೆ ನೋಡು," ಎಂದಳು. ಸೆರಗು ಬಾಯಿಗೆ ಹೋಯಿತು. ಕಣ್ಣು ಮಾತ್ರ ಸೆರಗಿನ ಮೇಲಿಂದ ನಗುತ್ತಿತ್ತು.

"ಯಾರು ಹನುಮಕ್ಕ?"

"ನಂಗೇನ್ ಗೊತ್ತಪ್ಪ? ಓದ್ದೋರ ಪುಸ್ತಕ ನಾವ್ ಮುಟ್ತೀವಾ?"

"ಏನೇ ಅದು?" ಎಂದು ನಾದಿನಿ ಕೇಳಿದಳು.

"ಏನಿಲ್ಲ ಕಣೆ. ಸೀನಪ್ಪ ಕಳ್ಳನ್ನ ಹಿಡಿಯಾಕೆ ಬಂದವ್ನೆ," ಎಂದು ಹನುಮಕ್ಕ ಬಾಚಣಿಗೆ ಕೆಳಗಿಟ್ಟು, ಕೇಳುವ ಮೊದಲೇ ಎಡಗೈ ಚಾಚಿದಳು.

ಆ ಮಧ್ಯಾಹ್ನ ಯಾರು ಏನೆಂದರೆಂದು ನಾನು ಇನ್ನೂ ಹೇಳಲಾರೆ. ಪುಸ್ತಕ ಈಗ ಮೇಜಿನ ಮೇಲಿದೆ, ಹುಳಿವಾಸನೆ ಹಾಗೆಯೇ ಇದೆ. ಮೊನ್ನೆಯ ಪಾಠದಲ್ಲಿ ಕಥೆಯನ್ನು ಮತ್ತೆ ಹೇಳಿದೆ. ಅದರಲ್ಲಿ ನಾನು ಪುಸ್ತಕದ ಮೂಲೆ ಮಡಿಚಿ ಊಟಕ್ಕೆ ಎದ್ದುಹೋದವನು. ಒಂದು ಸಂಗತಿಯನ್ನು ಮಾತ್ರ ಭೂತಗನ್ನಡಿ ಹಿಡಿದು, ಎರಡು ಸಲ ನೋಡಿ ಖಚಿತಪಡಿಸಿಕೊಂಡಿದ್ದೇನೆ: ಆ ಪುಟದ ಐದು ಕಲೆಗಳಲ್ಲಿ ನಾಲ್ಕು ನುಣುಪು. ಐದನೆಯದರಲ್ಲಿ ಸುಳಿಸುಳಿ ಗೆರೆಗಳಿವೆ, ಅವುಗಳ ನಡುವೆ ಬೀಸುವ ಕಲ್ಲು ಬಿದ್ದ ಅಡ್ಡಗಾಯದ ಗುರುತಿದೆ. ಅದು ಹನುಮಕ್ಕನ ಎಡಗೈಯ ಕಿರುಬೆರಳು.